ಹಳೆಯ ರೂಟರಿಗೆ ಓಪನ್‌ವರ್ಟ್: ಕಾಸರಗೋಡಿನ ಮನೆಗಳಿಗೊಂದು ಕೈಪಿಡಿ

ಬದಿಯಡ್ಕವೋ ಪೆರ್ಲವೋ ಮುಳ್ಳೇರಿಯವೋ, ಫೈಬರ್ ಬಂದ ಮನೆಗಳಲ್ಲಿ ಈಗ ಸಾಮಾನ್ಯವಾಗಿ ಎರಡು ಪೆಟ್ಟಿಗೆಗಳಿರುತ್ತವೆ. ಒಂದು ಬಿಎಸ್‌ಎನ್‌ಎಲ್‌ನವರೋ ಕೆಫೋನ್‌ನವರೋ ಊರಿನ ಕೇಬಲ್‌ನವರೋ ಗೋಡೆಗೆ ಸಿಕ್ಕಿಸಿ ಹೋದ ಒಎನ್‌ಟಿ. ಇನ್ನೊಂದು, ಅದರ ವೈಫೈ ಉಪ್ಪರಿಗೆಗೆ ಮುಟ್ಟುವುದಿಲ್ಲವೆಂದು ಮನೆಯವರೇ ಕೊಂಡುತಂದ ರೂಟರ್. ಈ ಲೇಖನ ಎರಡನೆಯ ಪೆಟ್ಟಿಗೆಯ ಬಗ್ಗೆ ಮಾತ್ರ.

ಮೊದಲನೆಯದನ್ನು ಮುಟ್ಟಬೇಡಿ. ಒಎನ್‌ಟಿಯ ಸೀರಿಯಲ್ ನಂಬರನ್ನು ಎಕ್ಸ್‌ಚೇಂಜಿನ ಉಪಕರಣದಲ್ಲಿ ನೋಂದಾಯಿಸಿರುತ್ತಾರೆ. ಅದರ ಫರ್ಮ್‌ವೇರ್, ಅಂದರೆ ಅದನ್ನು ನಡೆಸುವ ಒಳಗಿನ ತಂತ್ರಾಂಶ, ಕೆಟ್ಟರೆ ಫೈಬರ್ ಎಷ್ಟು ಚೆನ್ನಾಗಿದ್ದರೂ ಸಂಪರ್ಕ ಸಿಗುವುದಿಲ್ಲ. ಹೆಚ್ಚಿನ ಕಡೆ ಆ ಪೆಟ್ಟಿಗೆ ನಿಮ್ಮದೂ ಅಲ್ಲ, ಸಂಪರ್ಕ ಕೊಟ್ಟವರದ್ದು.

ರೂಟರಿನ ಕಥೆ ಬೇರೆ. ಅದೊಂದು ಪುಟ್ಟ ಕಂಪ್ಯೂಟರ್. ಪ್ರೊಸೆಸರ್, ರ್ಯಾಮ್, ಶೇಖರಣೆಗೆ ಫ್ಲಾಶ್ ಚಿಪ್ ಎಲ್ಲ ಅದರೊಳಗಿದೆ. ಹೊಸ ಮಾಡೆಲ್ ಬಂದ ಮೇಲೆ ಕಂಪೆನಿ ಹಳೆಯದಕ್ಕೆ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸುತ್ತದೆ. ಯಂತ್ರ ಗಟ್ಟಿಯಾಗಿಯೇ ಇರುತ್ತದೆ, ತಂತ್ರಾಂಶದ ಭದ್ರತಾ ತೂತುಗಳು ಮಾತ್ರ ಮುಚ್ಚದೆ ಉಳಿಯುತ್ತವೆ. ಅಂಥ ರೂಟರಿಗೆ ಓಪನ್‌ವರ್ಟ್ ಎಂಬ ಮುಕ್ತ ತಂತ್ರಾಂಶ ಹಾಕಿದರೆ ತಿದ್ದುಪಡಿಗಳು ಮತ್ತೆ ಬರತೊಡಗುತ್ತವೆ. ಮೂಲ ಫರ್ಮ್‌ವೇರ್‌ನಲ್ಲಿ ಇಲ್ಲದ ಹಲವು ಸೌಕರ್ಯಗಳೂ ಸಿಗುತ್ತವೆ.

ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರಿನಲ್ಲಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಬಳಸಿದ್ದು ಗೊತ್ತಾದಾಗ, ಬಳಸಿದವರು ಮೂಲ ಸಂಕೇತ ಹಂಚಬೇಕೆನ್ನುವ ಜಿಪಿಎಲ್ ಪರವಾನಗಿಯ ನಿಯಮದಂತೆ 2003ರಲ್ಲಿ ಅದರ ಮೂಲ ಸಂಕೇತವನ್ನು ಹೊರಗೆ ಕೊಡಬೇಕಾಯಿತು. ಅದರ ಮೇಲೆ ಕಟ್ಟಿದ್ದೇ ಓಪನ್‌ವರ್ಟ್, 2004ರಲ್ಲಿ. ಹೆಸರಿನ ಬಾಲದಲ್ಲಿರುವ ಡಬ್ಲ್ಯು, ಆರ್, ಟಿ ಆ ರೂಟರಿನದೇ. 2016ರಲ್ಲಿ ತಂಡ ಒಡೆದು ಎಲ್‌ಇಡಿಇ ಎಂಬ ಕವಲು ಹುಟ್ಟಿತು, 2018ರಲ್ಲಿ ಎರಡೂ ಮತ್ತೆ ಒಂದಾದವು. ಹುಡುಕುವಾಗ ಎಲ್‌ಇಡಿಇ ಎಂಬ ಹೆಸರಿನ ಸೂಚನೆ ಸಿಕ್ಕಿದರೆ ಅದು ಹಳತು ಎಂದು ತಿಳಿದು ಬದಿಗಿಡಿ.

ಈ ಕೆಲಸಕ್ಕೆ ಎಂಜಿನಿಯರ್ ಆಗಬೇಕಿಲ್ಲ. ಕೇರಳದ ಶಾಲೆಗಳಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಶುರುವಾಗಿ ಈಗ ಕೈಟ್ ಆಗಿರುವ ಯೋಜನೆ ಗ್ನು/ಲಿನಕ್ಸ್‌ನಲ್ಲೇ ಪಾಠ ಮಾಡಿಸುತ್ತದೆ. ಕನ್ನಡ ಮಾಧ್ಯಮದ ನಮ್ಮ ಹೈಸ್ಕೂಲ್ ಮಕ್ಕಳಿಗೂ ಲಿನಕ್ಸ್ ಹೊಸತಲ್ಲ. ಮನೆಯಲ್ಲಿ ಅಂಥವರಿದ್ದರೆ ಜೊತೆಗೆ ಕೂರಿಸಿಕೊಳ್ಳಿ. ಬೇಕಾದುದು ಆತುರವಿಲ್ಲದ ಎರಡು ಗಂಟೆ, ಮತ್ತು ಲೇಬಲ್ ಓದುವ ತಾಳ್ಮೆ.

ಲೇಬಲ್ ಓದುವುದು

ರೂಟರನ್ನು ಮಗುಚಿ ಹಾಕಿ. ಮಾಡೆಲ್ ಹೆಸರಿನ ಹತ್ತಿರ ಸಣ್ಣ ಅಕ್ಷರದಲ್ಲಿ ವರ್ಷನ್ ಎಂದೋ ಬರೀ ‘ವಿ’ ಎಂದೋ ಒಂದು ಸಂಖ್ಯೆ ಇರುತ್ತದೆ. ಇದು ಹಾರ್ಡ್‌ವೇರ್ ಆವೃತ್ತಿ, ತಂತ್ರಾಂಶದ ಆವೃತ್ತಿಯಲ್ಲ. ರೂಟರ್ ಹಾಳಾಗುವುದಕ್ಕೆ ದೊಡ್ಡ ಕಾರಣ ಈ ಸಂಖ್ಯೆಯನ್ನು ಕಡೆಗಣಿಸುವುದು. ಉದಾಹರಣೆಗೆ ಟಿಪಿ-ಲಿಂಕ್ ಆರ್ಚರ್ ಸಿ6. ಅದರ ವಿ2ರಲ್ಲಿ ಕ್ವಾಲ್‌ಕಾಮ್ ಅಥೆರೋಸ್‌ನ ಚಿಪ್ ಇದೆ, ವಿ3ರಲ್ಲಿ ಮೀಡಿಯಾಟೆಕ್‌ನ ಎಂಟಿ7621. ಹೊರಗಿನ ಹೆಸರು ಒಂದೇ, ಒಳಗಿನ ಯಂತ್ರ ಪೂರ್ತಿ ಬೇರೆ. ಒಂದರ ಫೈಲ್ ಇನ್ನೊಂದರಲ್ಲಿ ಓಡುವುದಿಲ್ಲ. ಪೆಟ್ಟಿಗೆಯ ಮೇಲಿನ ಮುದ್ರಣವನ್ನು ನಂಬದೆ ರೂಟರಿನ ಬೆನ್ನಿಗಿರುವ ಲೇಬಲನ್ನೇ ನೋಡಿ, ಫೋನಿನಲ್ಲಿ ಅದರ ಫೋಟೊ ತೆಗೆದಿಡಿ.

ಆಮೇಲೆ ಓಪನ್‌ವರ್ಟ್‌ನ ಅಧಿಕೃತ ಜಾಲತಾಣಕ್ಕೆ ಹೋಗಿ ‘ಟೇಬಲ್ ಆಫ್ ಹಾರ್ಡ್‌ವೇರ್’ ಎಂಬ ಪಟ್ಟಿಯಲ್ಲಿ ಮಾಡೆಲ್ ಮತ್ತು ಆವೃತ್ತಿ ಎರಡೂ ಸೇರಿಸಿ ಹುಡುಕಿ. ಅಲ್ಲಿ ನೋಡಬೇಕಾದುದು ಮೂರು ಸಂಗತಿ.

ಮೊದಲನೆಯದು ಫ್ಲಾಶ್ ಮತ್ತು ರ್ಯಾಮ್. 4 ಎಂಬಿ ಫ್ಲಾಶ್, 32 ಎಂಬಿ ರ್ಯಾಮ್ ಇರುವ ಸಾಧನಕ್ಕೆ ಇಂದಿನ ಓಪನ್‌ವರ್ಟ್ ಇಲ್ಲ. ಬಹಳ ಮನೆಗಳಲ್ಲಿ ಕಾಣಸಿಗುವ ಟಿಎಲ್-ಡಬ್ಲ್ಯುಆರ್841ಎನ್‌ನ ಹಳೆಯ ಆವೃತ್ತಿಗಳು ಇದೇ ಗುಂಪಿನವು, ಅವುಗಳ ಮೇಲೆ ಸಮಯ ಕಳೆಯಬೇಡಿ. 8 ಎಂಬಿ ಫ್ಲಾಶ್, 64 ಎಂಬಿ ರ್ಯಾಮ್ ಇದ್ದರೆ ಹೇಗೋ ನಡೆಯುತ್ತದೆ, ಆದರೆ ಹೆಚ್ಚಿನ ಪ್ಯಾಕೇಜ್ (ಬೇಕಾದಂತೆ ಸೇರಿಸಿಕೊಳ್ಳುವ ತಂತ್ರಾಂಶ) ಹಾಕಲು ಜಾಗವಿರುವುದಿಲ್ಲ. 16 ಎಂಬಿ ಮತ್ತು 128 ಎಂಬಿ ಇದ್ದರೆ ನಿಶ್ಚಿಂತೆ.

ಎರಡನೆಯದು ಚಿಪ್ ಯಾರದು ಎಂಬುದು. ಮೀಡಿಯಾಟೆಕ್ ಮತ್ತು ಅಥೆರೋಸ್ ಚಿಪ್‌ಗಳಿಗೆ ಮುಕ್ತ ವೈಫೈ ಡ್ರೈವರ್‌ಗಳು (ಚಿಪ್ಪನ್ನು ನಡೆಸುವ ತಂತ್ರಾಂಶ) ಚೆನ್ನಾಗಿವೆ. ಬ್ರಾಡ್‌ಕಾಮ್ ಚಿಪ್ ಇದ್ದರೆ ಡ್ರೈವರ್ ಮುಚ್ಚಿದ್ದು. ಓಪನ್‌ವರ್ಟ್ ಏರಿದರೂ ವೈಫೈ ಸರಿಯಾಗಿ ನಡೆಯದೆ ಹೋಗಬಹುದು. ಹೊಸದಾಗಿ ಕೊಳ್ಳುವವರು ಮೀಡಿಯಾಟೆಕ್‌ನದನ್ನೇ ಆರಿಸುವುದು ಒಳ್ಳೆಯದು.

ಮೂರನೆಯದು ಹಾಕುವ ವಿಧಾನ. ಕೆಲವು ರೂಟರುಗಳು ತಮ್ಮ ಅಪ್‌ಗ್ರೇಡ್ ಪುಟದಲ್ಲೇ ಓಪನ್‌ವರ್ಟ್ ಫೈಲನ್ನು ತೆಗೆದುಕೊಳ್ಳುತ್ತವೆ, ಟಿಪಿ-ಲಿಂಕ್‌ನ ಹಲವು ಮಾಡೆಲ್‌ಗಳು ಹೀಗೆ. ಶಿಯೋಮಿಯ ಮಿ ರೂಟರ್ 4ಎ ಗಿಗಾಬಿಟ್‌ನಂಥವು ತೆಗೆದುಕೊಳ್ಳುವುದಿಲ್ಲ. ಅವುಗಳ ಫರ್ಮ್‌ವೇರ್‌ನ ಒಂದು ದೋಷವನ್ನು ಬಳಸಿಕೊಂಡು ಒಳಗೆ ಹೋಗಬೇಕು. ಮೊದಲ ಸಲ ಮಾಡುವವರಿಗೆ ಅದು ಬೇಡ.

ಫೈಲ್ ಇಳಿಸಿಕೊಳ್ಳುವುದು

‘ಫರ್ಮ್‌ವೇರ್ ಸೆಲೆಕ್ಟರ್’ ಎಂಬ ಪುಟದಲ್ಲಿ ಮಾಡೆಲ್ ಹೆಸರು ಟೈಪ್ ಮಾಡಿದರೆ ಅದಕ್ಕೆ ಹೊಂದುವ ಫೈಲ್‌ಗಳು ಬರುತ್ತವೆ. ಯಾವಾಗಲೂ ಸ್ಥಿರ ಆವೃತ್ತಿಯನ್ನೇ ಆರಿಸಿ. ಆವೃತ್ತಿಯ ಸಂಖ್ಯೆಯಲ್ಲೇ ವರ್ಷ-ತಿಂಗಳಿದೆ: 23.05 ಎಂದರೆ 2023ರ ಸರಣಿ, 24.10 ಎಂದರೆ 2024ರದ್ದು. ‘ಸ್ನ್ಯಾಪ್‌ಶಾಟ್’ ಎಂದಿರುವುದು ದಿನದಿನ ಬದಲಾಗುವ ಪರೀಕ್ಷಾ ಪ್ರತಿ. ಅದರಲ್ಲಿ ಸೆಟ್ಟಿಂಗ್ ಬದಲಿಸುವ ಲೂಸಿ ಎಂಬ ವೆಬ್ ಪುಟ ಇರುವುದಿಲ್ಲ. ಬರೀ ಕಪ್ಪು ಪರದೆಯಲ್ಲಿ ಆಜ್ಞೆ ಟೈಪಿಸುವುದೇ ಗತಿ.

ಒಂದೇ ಮಾಡೆಲ್‌ಗೆ ಎರಡು ಫೈಲ್ ಕಾಣಬಹುದು. ‘ಫ್ಯಾಕ್ಟರಿ’ ಎಂದು ಹೆಸರಿನಲ್ಲಿ ಇರುವುದು ಕಂಪೆನಿಯ ಫರ್ಮ್‌ವೇರ್‌ನಿಂದ ಓಪನ್‌ವರ್ಟ್‌ಗೆ ದಾಟಲು. ‘ಸಿಸ್‌ಅಪ್‌ಗ್ರೇಡ್’ ಎಂದಿರುವುದು ಈಗಾಗಲೇ ಓಪನ್‌ವರ್ಟ್ ಇರುವ ರೂಟರಿಗೆ ಮುಂದಿನ ಆವೃತ್ತಿ ಹಾಕಲು. ಮೊದಲ ಸಲ ಬೇಕಾದುದು ಫ್ಯಾಕ್ಟರಿ. ಎರಡನ್ನೂ ಇಳಿಸಿಟ್ಟುಕೊಳ್ಳಿ. ಅದರೊಂದಿಗೆ ಕಂಪೆನಿಯ ತಾಣದಿಂದ ಅದೇ ಹಾರ್ಡ್‌ವೇರ್ ಆವೃತ್ತಿಯ ಮೂಲ ಫರ್ಮ್‌ವೇರನ್ನೂ ಇಳಿಸಿ ಇಡಿ. ಏನಾದರೂ ಹೆಚ್ಚುಕಡಿಮೆಯಾದರೆ ಹಿಂತಿರುಗುವ ದಾರಿ ಅದೇ, ಮತ್ತು ಆ ಹೊತ್ತಿಗೆ ಮನೆಯಲ್ಲಿ ಇಂಟರ್ನೆಟ್ ಇರುವುದಿಲ್ಲ.

ಇಳಿಸಿದ ಫೈಲಿನ ಪಕ್ಕದಲ್ಲಿ ಎಸ್‌ಎಚ್‌ಎ256 ಎಂಬ ಉದ್ದದ ಸಂಖ್ಯೆ ಕೊಟ್ಟಿರುತ್ತಾರೆ. ಲಿನಕ್ಸ್‌ನಲ್ಲಿ ಎಸ್‌ಎಚ್‌ಎ256ಸಮ್, ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಆಜ್ಞೆ ಬಳಸಿ ನಿಮ್ಮ ಫೈಲಿನ ಸಂಖ್ಯೆ ಅದಕ್ಕೆ ತಾಳೆಯಾಗುತ್ತದೆಯೇ ನೋಡಿ. ಮಳೆಗಾಲದಲ್ಲಿ ಮೊಬೈಲ್ ಸಿಗ್ನಲ್ ಕಡಿದು ಕಡಿದು ಬರುವಾಗ ಅರ್ಧ ಇಳಿದ ಫೈಲ್ ಪೂರ್ತಿಯಾದಂತೆ ತೋರುವುದುಂಟು. ಎರಡು ನಿಮಿಷದ ಈ ಪರೀಕ್ಷೆಯನ್ನು ಬಿಡಬೇಡಿ.

ಕರೆಂಟು ಮತ್ತು ಕೇಬಲ್

ಫ್ಲಾಶ್ ಚಿಪ್ಪಿಗೆ ಬರೆಯುತ್ತಿರುವಾಗ ಕರೆಂಟು ಹೋದರೆ ಅರ್ಧ ಹಳತು, ಅರ್ಧ ಹೊಸತಾಗಿ ರೂಟರ್ ನಿಲ್ಲುತ್ತದೆ. ಏಪ್ರಿಲ್-ಮೇಯ ಸಂಜೆಗಳಲ್ಲಿ, ಅಕ್ಟೋಬರ್-ನವೆಂಬರಿನ ಹಿಂಗಾರಿನಲ್ಲಿ ಗುಡುಗು ಕೇಳಿಸಿದರೆ ಕೆಲಸ ಮುಂದೂಡಿ. ಬೆಳಗ್ಗಿನ ಹೊತ್ತು ಒಳ್ಳೆಯದು. ಇನ್ವರ್ಟರ್ ಇದ್ದರೆ ಅದರ ಪ್ಲಗ್ಗಿಗೇ ರೂಟರ್ ಸಿಕ್ಕಿಸಿ. ಇಲ್ಲವಾದರೆ ರೂಟರಿಗೆಂದೇ ಸಿಗುವ ಚಿಕ್ಕ ಯುಪಿಎಸ್ ಸಾಕು. ಅದನ್ನು ಕೊಳ್ಳುವಾಗ ನಿಮ್ಮ ರೂಟರಿನ ಅಡಾಪ್ಟರ್ 12 ವೋಲ್ಟಿನದೋ 9 ವೋಲ್ಟಿನದೋ ಎಂದು ನೋಡಿಕೊಳ್ಳಿ. ಪಿನ್ ಒಂದೇ ಗಾತ್ರದ್ದಾದರೂ ವೋಲ್ಟೇಜ್ ಬೇರೆಯಿರಬಹುದು.

ಒಂದು ಎತರ್‌ನೆಟ್ ಕೇಬಲ್ ಬೇಕೇ ಬೇಕು. ವೈಫೈ ಮೂಲಕ ಫ್ಲಾಶ್ ಮಾಡಬಾರದು (ಚಿಪ್ಪಿಗೆ ಹೊಸ ಫರ್ಮ್‌ವೇರ್ ಬರೆಯಬಾರದು), ನಡುವೆ ಸಂಪರ್ಕ ಕಡಿಯಬಹುದು. ಓಪನ್‌ವರ್ಟ್ ಏರಿದ ಮೇಲೆ ವೈಫೈ ತಾನಾಗಿ ಆನ್ ಆಗಿರುವುದಿಲ್ಲವಾದ್ದರಿಂದ ಕೇಬಲ್ ಇಲ್ಲದೆ ಒಳಗೆ ಹೋಗಲೂ ಆಗದು. ಲ್ಯಾಪ್‌ಟಾಪಿನಲ್ಲಿ ಎತರ್‌ನೆಟ್ ಕಿಂಡಿ ಇಲ್ಲದಿದ್ದರೆ ಯುಎಸ್‌ಬಿ ಅಡಾಪ್ಟರ್ ತನ್ನಿ.

ಶುರುಮಾಡುವ ಮೊದಲು ಹಳೆಯ ಫರ್ಮ್‌ವೇರ್‌ನ ಪ್ರತಿ ಪುಟದ ಫೋಟೊ ತೆಗೆದುಕೊಳ್ಳಿ: ಇಂಟರ್ನೆಟ್ ಯಾವ ಬಗೆಯದು, ಪಿಪಿಪಿಒಇ (ಹೆಸರು-ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ಬಗೆ) ಇದ್ದರೆ ಬಳಕೆದಾರ ಹೆಸರು, ವಿಲ್ಯಾನ್ (ಒಂದೇ ತಂತಿಯ ಜಾಲಗಳನ್ನು ಬೇರ್ಪಡಿಸುವ) ಸಂಖ್ಯೆ, ವೈಫೈ ಹೆಸರು ಮತ್ತು ಪಾಸ್‌ವರ್ಡ್. ಪಿಪಿಪಿಒಇ ಪಾಸ್‌ವರ್ಡ್ ಚುಕ್ಕಿಗಳಾಗಿ ಮಾತ್ರ ಕಾಣುವುದರಿಂದ ಅದನ್ನು ಸಂಪರ್ಕ ಕೊಟ್ಟವರಲ್ಲಿ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಭಾನುವಾರ ಕೇಳಿದರೆ ಸಿಗುವುದು ಕಷ್ಟ.

ಫ್ಲಾಶ್ ಮಾಡುವುದು

ಒಎನ್‌ಟಿಯಿಂದ ಬರುವ ಕೇಬಲನ್ನು ರೂಟರಿನಿಂದ ಬಿಡಿಸಿ. ಲ್ಯಾಪ್‌ಟಾಪನ್ನು ರೂಟರಿನ ಲ್ಯಾನ್ (ಮನೆಯೊಳಗಿನ ಜಾಲದ) ಕಿಂಡಿಗೆ ಜೋಡಿಸಿ, ಬೇರೆ ಬಣ್ಣದ ವ್ಯಾನ್ (ಇಂಟರ್ನೆಟ್ ಒಳಬರುವ) ಕಿಂಡಿಗಲ್ಲ. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ. ಬ್ರೌಸರಿನಲ್ಲಿ ರೂಟರಿನ ಪುಟ ತೆರೆದು ಫರ್ಮ್‌ವೇರ್ ಅಪ್‌ಗ್ರೇಡ್ ಎಂಬಲ್ಲಿಗೆ ಹೋಗಿ ಫ್ಯಾಕ್ಟರಿ ಫೈಲನ್ನು ಆರಿಸಿ, ಅಪ್‌ಗ್ರೇಡ್ ಒತ್ತಿ.

ಫೈಲ್ ಸರಿಯಿಲ್ಲ ಎಂದು ರೂಟರ್ ತಿರಸ್ಕರಿಸಿದರೆ ಗಾಬರಿ ಬೇಡ, ಒಳಗೆ ಇನ್ನೂ ಏನೂ ಬರೆದಿರುವುದಿಲ್ಲ. ಮೊದಲು ಫೈಲಿನ ಹೆಸರನ್ನು ಚಿಕ್ಕದು ಮಾಡಿ. ಓಪನ್‌ವರ್ಟ್ ಫೈಲಿನ ಹೆಸರು ಬಹಳ ಉದ್ದ, ಕೆಲವು ಹಳೆಯ ಪುಟಗಳಿಗೆ ಅದು ಒಗ್ಗುವುದಿಲ್ಲ. ಆಗಲೂ ಒಪ್ಪದಿದ್ದರೆ ದೇಶದ ವ್ಯತ್ಯಾಸ ಇರಬಹುದು. ಯೂರೋಪಿಗೆ ಮತ್ತು ಅಮೆರಿಕಕ್ಕೆ ಮಾಡಿದ ರೂಟರುಗಳಿಗೆ ಬೇರೆ ಬೇರೆ ಗುರುತುಗಳಿರುತ್ತವೆ. ನಿಮ್ಮ ಮಾಡೆಲಿನ ಪುಟದಲ್ಲಿ ಯಾವ ಗುರುತಿಗೆ ಯಾವ ಫೈಲ್ ಎಂದು ಮತ್ತೊಮ್ಮೆ ಓದಿ. ಮೂರನೆಯ ಸಾಧ್ಯತೆ, ಕಂಪೆನಿ ಸಹಿ ಮಾಡಿದ ಫೈಲನ್ನು ಮಾತ್ರ ಒಪ್ಪುವ ಫರ್ಮ್‌ವೇರ್. ಅಂಥದ್ದಕ್ಕೆ ಮಾಡೆಲ್ ಪುಟದಲ್ಲಿ ಬೇರೆ ವಿಧಾನ ಬರೆದಿರುತ್ತಾರೆ.

ಒಪ್ಪಿಕೊಂಡರೆ ಕೈ ಕಟ್ಟಿ ಕೂರಿ. ಪುಟದಲ್ಲಿ ನೂರು ಶೇಕಡಾ ಎಂದು ಬಂದ ಮೇಲೂ ಐದು ನಿಮಿಷ ಪ್ಲಗ್ ಮುಟ್ಟಬೇಡಿ. ಓಪನ್‌ವರ್ಟ್ ಮೊದಲ ಸಲ ಏಳುವಾಗ ಫ್ಲಾಶ್‌ನ ಉಳಿದ ಜಾಗವನ್ನು ಸಿದ್ಧಪಡಿಸಿಕೊಳ್ಳುತ್ತದೆ, ಅದಕ್ಕೆ ಸಮಯ ಬೇಕು. ಹಳೆಯ ಪುಟ ಮತ್ತೆ ತೆರೆಯುವುದಿಲ್ಲ, ಏಕೆಂದರೆ ವಿಳಾಸವೇ ಬದಲಾಗಿರುತ್ತದೆ. ದೀಪ ಮಿನುಗುವುದು ನಿಂತ ಮೇಲೆ ಲ್ಯಾಪ್‌ಟಾಪಿನ ಕೇಬಲ್ ಒಮ್ಮೆ ತೆಗೆದು ಹಾಕಿ, 192.168.1.1 ತೆರೆಯಿರಿ. ಬ್ರೌಸರ್ ತಾನಾಗಿ ಎಚ್‌ಟಿಟಿಪಿಎಸ್ ಸೇರಿಸಿಕೊಂಡರೆ ಕೊನೆಯ ಎಸ್ ತೆಗೆದು ನೋಡಿ. ಲ್ಯಾಪ್‌ಟಾಪಿಗೆ 169.254ರಿಂದ ಶುರುವಾಗುವ ವಿಳಾಸ ಸಿಕ್ಕಿದ್ದರೆ ಕೇಬಲ್ ವ್ಯಾನ್ ಕಿಂಡಿಯಲ್ಲಿದೆ ಎಂದೋ ರೂಟರ್ ಇನ್ನೂ ಎದ್ದಿಲ್ಲವೆಂದೋ ಅರ್ಥ.

ಲೂಸಿ ಪುಟ ಬಂದಾಗ ಬಳಕೆದಾರ ಹೆಸರು ರೂಟ್, ಪಾಸ್‌ವರ್ಡ್ ಖಾಲಿ. ಒಳಹೋಗಿ ಸಿಸ್ಟಮ್, ಅಡ್ಮಿನಿಸ್ಟ್ರೇಶನ್‌ನಲ್ಲಿ ಗಟ್ಟಿ ಪಾಸ್‌ವರ್ಡ್ ಇಡಿ. ಬೇರೆಲ್ಲ ಆಮೇಲೆ.

ಒಂದೇ ವಿಳಾಸದ ಎರಡು ಮನೆ

ಎಲ್ಲ ಸರಿಯಾಗಿ ಮಾಡಿದವರೂ ಎಡವುವುದು ಇಲ್ಲಿ. ಬಹಳಷ್ಟು ಒಎನ್‌ಟಿಗಳ ವಿಳಾಸ 192.168.1.1. ಓಪನ್‌ವರ್ಟ್‌ನ ವಿಳಾಸವೂ ಅದೇ. ಎರಡನ್ನು ಜೋಡಿಸಿದಾಗ ರೂಟರಿನ ಒಳಬದಿಯಲ್ಲೂ ಹೊರಬದಿಯಲ್ಲೂ ಒಂದೇ ಜಾಲವಾಗುತ್ತದೆ. ಕಳಿಸಬೇಕಾದ ಪೊಟ್ಟಣ (ಮಾಹಿತಿಯ ಸಣ್ಣ ತುಂಡು, ಪ್ಯಾಕೆಟ್) ಯಾವ ಕಡೆಗೆಂದು ಅದಕ್ಕೆ ತಿಳಿಯುವುದಿಲ್ಲ. ಫ್ಲಾಶ್ ಚೆನ್ನಾಗಿಯೇ ಆಗಿದೆ, ಆದರೆ ಇಂಟರ್ನೆಟ್ ಇಲ್ಲ. ಓಪನ್‌ವರ್ಟೇ ಸರಿಯಿಲ್ಲ ಎಂದು ಹಲವರು ಈ ಹಂತದಲ್ಲಿ ಕೈಬಿಡುತ್ತಾರೆ.

ಪರಿಹಾರ ಸುಲಭ. ಒಎನ್‌ಟಿ ಕೇಬಲ್ ಜೋಡಿಸುವ ಮೊದಲೇ ನೆಟ್‌ವರ್ಕ್, ಇಂಟರ್‌ಫೇಸಸ್‌ಗೆ ಹೋಗಿ ‘ಲ್ಯಾನ್’ ಎದುರಿನ ಎಡಿಟ್ ಒತ್ತಿ ಐಪಿವಿ4 ವಿಳಾಸವನ್ನು 192.168.10.1 ಎಂದು ಬದಲಿಸಿ, ಸೇವ್ ಮಾಡಿ. ಈಗ ಸೇವ್ ಆ್ಯಂಡ್ ಅಪ್ಲೈ ಒತ್ತಿದರೆ ಲೂಸಿ 90 ಸೆಕೆಂಡ್ ಕಾಯುತ್ತದೆ. ಅಷ್ಟರೊಳಗೆ ಬ್ರೌಸರ್ ಮತ್ತೆ ರೂಟರನ್ನು ಮುಟ್ಟದಿದ್ದರೆ ಬದಲಾವಣೆಯನ್ನು ತಾನೇ ಹಿಂದೆ ತೆಗೆದುಕೊಳ್ಳುತ್ತದೆ. ತಪ್ಪು ಸೆಟ್ಟಿಂಗಿನಿಂದ ನೀವು ಹೊರಗೆ ಉಳಿಯಬಾರದೆಂದು ಮಾಡಿದ ಒಳ್ಳೆಯ ಏರ್ಪಾಡು ಅದು. ಆದರೆ ವಿಳಾಸವನ್ನೇ ಬದಲಿಸುವಾಗ ಅಡ್ಡಿಯಾಗುತ್ತದೆ. ಪಕ್ಕದ ಬಾಣದಲ್ಲಿ ‘ಅಪ್ಲೈ ಅನ್‌ಚೆಕ್ಡ್’ ಎಂಬುದನ್ನು ಆರಿಸಿ, ಕೇಬಲ್ ತೆಗೆದು ಹಾಕಿ, 192.168.10.1ಕ್ಕೆ ಹೋಗಿ.

ಈಗ ಒಎನ್‌ಟಿಯ ಕೇಬಲನ್ನು ವ್ಯಾನ್ ಕಿಂಡಿಗೆ ಜೋಡಿಸಿ. ಒಎನ್‌ಟಿಯೇ ಪಿಪಿಪಿಒಇ ಲಾಗಿನ್ ಮಾಡುತ್ತಿದ್ದರೆ ಬೇರೇನೂ ಬೇಡ. ಓಪನ್‌ವರ್ಟ್‌ನ ವ್ಯಾನ್ ಹುಟ್ಟಿನಿಂದಲೇ ಡಿಎಚ್‌ಸಿಪಿ ಕ್ಲೈಂಟ್, ಅಂದರೆ ವಿಳಾಸವನ್ನು ತಾನೇ ಕೇಳಿ ಪಡೆಯುತ್ತದೆ, ನಿಮಿಷದೊಳಗೆ ಇಂಟರ್ನೆಟ್ ಬರುತ್ತದೆ. ಇಲ್ಲಿ ವಿಳಾಸಗಳ ಅನುವಾದ (ಮನೆಯ ವಿಳಾಸವನ್ನು ಹೊರಗಿನದಾಗಿ ಬದಲಿಸುವುದು) ಎರಡು ಸಲ ನಡೆಯುತ್ತದಾದರೂ ಯೂಟ್ಯೂಬ್, ಆನ್‌ಲೈನ್ ಕ್ಲಾಸು, ಬ್ಯಾಂಕ್ ಕೆಲಸಗಳಿಗೆ ತೊಂದರೆಯಿಲ್ಲ.

ಹೊರಗಿನಿಂದ ಮನೆಯ ಸಿಸಿಟಿವಿ ನೋಡಬೇಕು, ರೂಟರೇ ನೇರ ಲಾಗಿನ್ ಆಗಬೇಕು ಎಂದಿದ್ದರೆ ಒಎನ್‌ಟಿಯನ್ನು ಬ್ರಿಜ್ ಮೋಡಿಗೆ (ತಾನು ಲಾಗಿನ್ ಆಗದೆ ಸಂಪರ್ಕವನ್ನು ಹಾಗೇ ದಾಟಿಸುವ ಬಗೆಗೆ) ಹಾಕಿಕೊಡಲು ಸಂಪರ್ಕ ಕೊಟ್ಟವರನ್ನು ಕೇಳಿ. ಆಗ ವ್ಯಾನ್‌ನ ಪ್ರೊಟೊಕಾಲ್ ಪಿಪಿಪಿಒಇ ಎಂದು ಬದಲಿಸಿ ಬಳಕೆದಾರ ಹೆಸರು, ಪಾಸ್‌ವರ್ಡ್ ಹಾಕಿ. ಲಾಗಿನ್ ಆಗದೆ ಸುಮ್ಮನೆ ಕಾಯುತ್ತಿದ್ದರೆ ವಿಲ್ಯಾನ್ ಬೇಕಿರಬಹುದು. ಒಬ್ಬೊಬ್ಬರ ಸಂಖ್ಯೆ ಒಂದೊಂದು, ಕೇಳಿಯೇ ತಿಳಿಯಬೇಕು. ಸಂಖ್ಯೆ ಗೊತ್ತಾದ ಮೇಲೆ ವ್ಯಾನ್ ಸಾಧನದ ಹೆಸರಿನ ಕೊನೆಯಲ್ಲಿ ಚುಕ್ಕಿ ಹಾಕಿ ಆ ಸಂಖ್ಯೆ ಬರೆದರೆ ಸಾಕು. ಊರಿನ ಕೆಲವು ಕೇಬಲ್‌ನವರು ಮೊದಲು ಜೋಡಿಸಿದ ಸಾಧನದ ಮ್ಯಾಕ್ ವಿಳಾಸವನ್ನೇ (ಯಂತ್ರಕ್ಕೆ ಕಂಪೆನಿ ಕೊಟ್ಟ ಗುರುತಿನ ಸಂಖ್ಯೆಯನ್ನೇ) ಗುರುತಿಟ್ಟುಕೊಳ್ಳುತ್ತಾರೆ. ಹಾಗಿದ್ದರೆ ಡಿವೈಸಸ್ ಎಂಬ ಪುಟದಲ್ಲಿ ವ್ಯಾನ್‌ನ ಮ್ಯಾಕ್ ವಿಳಾಸವಾಗಿ ಹಳೆಯದನ್ನು ಬರೆಯಿರಿ, ಇಲ್ಲವೇ ಹೊಸದನ್ನು ನೋಂದಾಯಿಸಲು ಹೇಳಿ. ಸಂಪರ್ಕ ಕೊಟ್ಟವರು ಹಲವು ಮನೆಗಳಿಗೆ ಒಂದೇ ಹೊರವಿಳಾಸ ಹಂಚುತ್ತಿದ್ದರೆ ಬ್ರಿಜ್ ಮಾಡಿದರೂ ಹೊರಗಿನಿಂದ ಸಿಸಿಟಿವಿ ನೇರವಾಗಿ ಸಿಗುವುದಿಲ್ಲ ಎಂಬುದನ್ನು ನೆನಪಿಡಿ.

ಮುರಕಲ್ಲಿನ ಗೋಡೆ, ವೈಫೈ

ನೆಟ್‌ವರ್ಕ್, ವೈರ್‌ಲೆಸ್ ಎಂಬಲ್ಲಿ ಎರಡು ರೇಡಿಯೊ ಕಾಣುತ್ತವೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಎರಡರಲ್ಲೂ ಮೊದಲು ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ಗೆ ಹೋಗಿ ಕಂಟ್ರಿ ಕೋಡ್ ಇಂಡಿಯಾ ಎಂದಿಡಿ. ಇದನ್ನು ಬಿಟ್ಟರೆ 5 ಗಿಗಾಹರ್ಟ್ಸ್ ಏಳದೆ ಇರಬಹುದು, ಎದ್ದರೂ ಸಿಗುವ ಚಾನೆಲ್‌ಗಳು ಕಡಿಮೆ. ನಮ್ಮಲ್ಲಿ 5 ಗಿಗಾಹರ್ಟ್ಸ್‌ನ ಹೆಚ್ಚಿನ ಭಾಗಗಳು ಪರವಾನಗಿಯಿಲ್ಲದೆ ಬಳಸಲು ತೆರೆದುಕೊಂಡದ್ದು 2018ರಲ್ಲಿ. 36 ಅಥವಾ 149ನೆಯ ಚಾನೆಲ್, 80 ಮೆಗಾಹರ್ಟ್ಸ್ ಅಗಲ ಇಟ್ಟುಕೊಳ್ಳಿ. 2.4ರಲ್ಲಿ 1, 6, 11 ಇವುಗಳಲ್ಲಿ ನೆರೆಯವರು ಬಳಸದ ಒಂದನ್ನು ಆರಿಸಿ, ಅಗಲ 20 ಮೆಗಾಹರ್ಟ್ಸ್ ಇರಲಿ. 40 ಇಟ್ಟರೆ ಕಾಗದದ ಮೇಲೆ ವೇಗ ಹೆಚ್ಚು, ಪೇಟೆಯ ನಡುವಿನ ಮನೆಗಳಲ್ಲಿ ಗದ್ದಲವೂ ಹೆಚ್ಚು.

ಸೆಕ್ಯುರಿಟಿಯಲ್ಲಿ ಡಬ್ಲ್ಯುಪಿಎ2 ಮತ್ತು 3 ಮಿಶ್ರವಾಗಿರುವುದನ್ನು ಆರಿಸಿ. ಹಳೆಯ ಪ್ರಿಂಟರ್, ಹಳೆಯ ಫೋನ್ ಸೇರಿಕೊಳ್ಳದಿದ್ದರೆ ಬರೀ ಡಬ್ಲ್ಯುಪಿಎ2 ಇಡಿ. ವೈಫೈ ಹೆಸರನ್ನು ಕನ್ನಡದಲ್ಲೇ ಬರೆಯಬಹುದು, ಆದರೆ ಒಂದು ಮಿತಿಯಿದೆ. ಹೆಸರಿಗೆ ಇರುವುದು 32 ಬೈಟ್ ಜಾಗ. ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು, ಕೊಂಬು-ದೀರ್ಘ-ಒತ್ತುಗಳೂ ಪ್ರತ್ಯೇಕ ಲೆಕ್ಕ. ಹಾಗಾಗಿ ಹತ್ತು ಸಂಕೇತಗಳೊಳಗೆ ಮುಗಿಸಬೇಕು. ‘ಮನೆ’ ಎಂಬುದಕ್ಕೆ 9 ಬೈಟ್.

ಓಪನ್‌ವರ್ಟ್ ಹಾಕಿದರೆ ವೈಫೈ ದೂರ ಹೋಗುತ್ತದೆ ಎಂಬ ಮಾತು ನಿಜವಲ್ಲ. ದಪ್ಪ ಮುರಕಲ್ಲಿನ ಗೋಡೆ, ಕಾಂಕ್ರೀಟಿನ ಸ್ಲ್ಯಾಬು 5 ಗಿಗಾಹರ್ಟ್ಸನ್ನು ತಡೆಯುವುದು ತಡೆಯುವುದೇ. ರೂಟರಿನ ಶಕ್ತಿ ಏರಿಸಿದರೂ ಪ್ರಯೋಜನ ಕಡಿಮೆ. ರೂಟರಿನ ಕೂಗು ಫೋನಿಗೆ ಕೇಳಿಸೀತು, ಫೋನಿನ ಮಾತು ರೂಟರಿಗೆ ಕೇಳಿಸಬೇಡವೇ? ಉಪ್ಪರಿಗೆಗೆ ಎರಡನೆಯ ರೂಟರ್ ಇಡುವುದೇ ಸರಿ. ಇಲ್ಲಿ ಹಳೆಯ, ಚಿಕ್ಕ ರೂಟರಿಗೂ ಕೆಲಸ ಸಿಗುತ್ತದೆ. ಅದಕ್ಕೆ 192.168.10.2 ಎಂಬ ವಿಳಾಸ ಕೊಡಿ, ಅದರ ಲ್ಯಾನ್‌ನಲ್ಲಿ ಡಿಎಚ್‌ಸಿಪಿ ಸರ್ವರನ್ನು ನಿಲ್ಲಿಸಿ, ಮುಖ್ಯ ರೂಟರಿನಿಂದ ಬರುವ ಕೇಬಲನ್ನು ಅದರ ವ್ಯಾನ್‌ಗಲ್ಲ, ಲ್ಯಾನ್ ಕಿಂಡಿಗೇ ಹಾಕಿ. ಎರಡರಲ್ಲೂ ಅದೇ ವೈಫೈ ಹೆಸರು, ಅದೇ ಪಾಸ್‌ವರ್ಡ್, ಚಾನೆಲ್ ಮಾತ್ರ ಬೇರೆ. ಡಿಎಚ್‌ಸಿಪಿ ನಿಲ್ಲಿಸಲು ಮರೆತರೆ ಎರಡು ರೂಟರುಗಳೂ ವಿಳಾಸ ಹಂಚತೊಡಗಿ, ಒಂದು ಫೋನಿಗೆ ನೆಟ್ ಇದ್ದು ಪಕ್ಕದ್ದಕ್ಕೆ ಇಲ್ಲದಂಥ ವಿಚಿತ್ರ ತೊಂದರೆ ಶುರುವಾಗುತ್ತದೆ.

ತೋಟದ ಪಂಪ್ ಶೆಡ್ಡಿಗೋ ಕೊಟ್ಟಿಗೆಯ ಕ್ಯಾಮೆರಾಕ್ಕೋ ಸಂಪರ್ಕ ಬೇಕೆಂದು ಅಡಿಕೆ ಮರಗಳ ನಡುವೆ ಎತರ್‌ನೆಟ್ ಕೇಬಲ್ ಎಳೆಯುವವರಿದ್ದಾರೆ. ದಯವಿಟ್ಟು ಬೇಡ. 100 ಮೀಟರ್ ಮಿತಿ ಒಂದು ಕಾರಣ, ಸಿಡಿಲು ಅದಕ್ಕಿಂತ ದೊಡ್ಡ ಕಾರಣ. ಹತ್ತಿರದಲ್ಲೆಲ್ಲೋ ಬಡಿದ ಸಿಡಿಲು ಕೂಡ ಹೊರಗಿನ ಉದ್ದದ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. ಅದು ನೇರ ರೂಟರಿನ ಕಿಂಡಿಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆಯಿರಿ, ಎರಡು ತುದಿಗಳಲ್ಲಿ ಫೈಬರನ್ನು ಎತರ್‌ನೆಟ್‌ಗೆ ಬದಲಿಸುವ ಮೀಡಿಯಾ ಕನ್ವರ್ಟರ್ ಇಡಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಫೈಬರಿನ ಜೊತೆಗೆ ಆಧಾರಕ್ಕಿರುವ ಉಕ್ಕಿನ ತಂತಿಯನ್ನು ಮಾತ್ರ ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಬೇಕು. ಗುಡುಗು ಶುರುವಾದಾಗ ಅಡಾಪ್ಟರನ್ನು ಪ್ಲಗ್ಗಿನಿಂದ ಕೀಳುವ ರೂಢಿಯನ್ನು ಫೈಬರ್ ಬಂದಿದೆಯೆಂದು ಬಿಡಬೇಡಿ. ಕರೆಂಟಿನ ತಂತಿ ತಾಮ್ರವೋ ಅಲ್ಯೂಮಿನಿಯಮ್ಮೋ ಆಗಿಯೇ ಇದೆ.

ವಿಡಿಯೊ ಕರೆ ತಡವರಿಸದಂತೆ

ಓಪನ್‌ವರ್ಟ್ ಹಾಕಿದ ಶ್ರಮಕ್ಕೆ ಸಿಗುವ ದೊಡ್ಡ ಪ್ರತಿಫಲ ಇದು. ಮನೆಯಲ್ಲಿ ಒಬ್ಬರ ಫೋನ್ ಫೋಟೊಗಳನ್ನು ಮೇಲಕ್ಕೆ ಕಳಿಸತೊಡಗಿದರೆ ಇನ್ನೊಬ್ಬರ ವಿಡಿಯೊ ಕರೆ ತಡವರಿಸುತ್ತದೆ. ವೇಗ ಸಾಲದೆ ಹಾಗಾಗುವುದಲ್ಲ. ದಾರಿಯಲ್ಲಿರುವ ಉಪಕರಣಗಳು ಪೊಟ್ಟಣಗಳನ್ನು ಉದ್ದದ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತವೆ, ಕರೆಯ ಪೊಟ್ಟಣ ಆ ಸಾಲಿನ ಬಾಲದಲ್ಲಿ ಸಿಕ್ಕಿಕೊಳ್ಳುತ್ತದೆ. ಎಸ್‌ಕ್ಯೂಎಂ ಎಂಬ ಪ್ಯಾಕೇಜ್ ಆ ಸಾಲನ್ನು ನಿಮ್ಮ ರೂಟರಿಗೇ ತಂದು, ಚಿಕ್ಕದಾಗಿಟ್ಟು, ಎಲ್ಲರಿಗೂ ಸರದಿ ಕೊಡುತ್ತದೆ.

ಸಿಸ್ಟಮ್, ಸಾಫ್ಟ್‌ವೇರ್ ಪುಟದಲ್ಲಿ ಅಪ್‌ಡೇಟ್ ಲಿಸ್ಟ್ಸ್ ಒತ್ತಿ, ಎಸ್‌ಕ್ಯೂಎಂ ಎಂದು ಹುಡುಕಿ ‘ಲೂಸಿ-ಆ್ಯಪ್-ಎಸ್‌ಕ್ಯೂಎಂ’ ಹಾಕಿ. ಬೇರೆ ಯಾರೂ ನೆಟ್ ಬಳಸದ ಹೊತ್ತಿನಲ್ಲಿ, ಕೇಬಲ್ ಜೋಡಿಸಿದ ಲ್ಯಾಪ್‌ಟಾಪಿನಲ್ಲಿ ವೇಗವನ್ನು ಮೂರು ಸಲ ಅಳೆಯಿರಿ. ಕಡಿಮೆ ಬಂದ ಅಳತೆಯ ಶೇಕಡಾ 90ನ್ನು ಡೌನ್‌ಲೋಡ್, ಅಪ್‌ಲೋಡ್ ಜಾಗಗಳಲ್ಲಿ ಕಿಲೊಬಿಟ್ ಲೆಕ್ಕದಲ್ಲಿ ಬರೆಯಿರಿ. 50 ಎಂಬಿಪಿಎಸ್ ಬಂದಿದ್ದರೆ 45000. ಇಂಟರ್‌ಫೇಸ್ ವ್ಯಾನ್‌ನದ್ದು, ಪಿಪಿಪಿಒಇ ಇದ್ದರೆ ಅದರ ಹೆಸರಿನದ್ದು. ಕ್ಯೂ ಡಿಸಿಪ್ಲಿನ್‌ನಲ್ಲಿ ಕೇಕ್, ಸ್ಕ್ರಿಪ್ಟ್ ‘ಪೀಸ್ ಆಫ್ ಕೇಕ್’. ಲಿಂಕ್ ಲೇಯರ್‌ನಲ್ಲಿ ಎತರ್‌ನೆಟ್, ಓವರ್‌ಹೆಡ್ 44 ಇಟ್ಟರೆ ಕಡಿಮೆ ಬಿದ್ದೀತೆಂಬ ಭಯವಿಲ್ಲ.

ಹತ್ತು ಶೇಕಡಾ ವೇಗ ಹೋಗುತ್ತದೆ, ಹೋಗಲಿ. ಬದಲಿಗೆ ನಾಲ್ಕು ಜನ ಒಟ್ಟಿಗೆ ಬಳಸಿದರೂ ಕರೆ ನಿಲ್ಲುವುದಿಲ್ಲ. ಎಚ್ಚರ ಒಂದೇ: ಪ್ರತಿ ಪೊಟ್ಟಣವನ್ನೂ ಪ್ರೊಸೆಸರ್ ನೋಡಬೇಕಾದ್ದರಿಂದ ಹಳೆಯ ರೂಟರಿನಲ್ಲಿ ವೇಗದ ಸಂಪರ್ಕಕ್ಕೆ ಅದರ ಶಕ್ತಿ ಸಾಲದೆ ಹೋಗಬಹುದು. ಎಸ್‌ಕ್ಯೂಎಂ ಹಾಕಿದ ಮೇಲೆ ನೀವು ಬರೆದ ಸಂಖ್ಯೆಗಿಂತ ಬಹಳ ಕೆಳಗಿನ ವೇಗ ಬಂದರೆ ಕಾರಣ ಅದು. ಫೈರ್‌ವಾಲ್ ಪುಟದಲ್ಲಿರುವ ಫ್ಲೋ ಆಫ್‌ಲೋಡಿಂಗನ್ನು ಇದರ ಜೊತೆಗೆ ಆನ್ ಮಾಡಬೇಡಿ. ಅದು ಪೊಟ್ಟಣಗಳನ್ನು ಅಡ್ಡದಾರಿಯಲ್ಲಿ ಕಳಿಸುವುದರಿಂದ ಎಸ್‌ಕ್ಯೂಎಂ ಕೈಗೆ ಸಿಗುವುದಿಲ್ಲ. ವೇಗ ಹೆಚ್ಚಿದ್ದು ಮನೆಯಲ್ಲಿ ಜನ ಕಡಿಮೆಯಿದ್ದರೆ ಎಸ್‌ಕ್ಯೂಎಂ ಬಿಟ್ಟು ಆಫ್‌ಲೋಡಿಂಗ್ ಇಟ್ಟುಕೊಳ್ಳುವುದೂ ಸರಿಯೇ.

ಜಾಹೀರಾತು ತಡೆಯುವ ಪ್ಯಾಕೇಜುಗಳೂ ಇವೆ, ದೊಡ್ಡ ಪಟ್ಟಿಗಳಿಗೆ 128 ಎಂಬಿ ರ್ಯಾಮ್ ಬೇಕು. ಎಲ್ಲವನ್ನೂ ಒಂದೇ ದಿನ ಹಾಕಬೇಡಿ. ಕೆಟ್ಟರೆ ಯಾವುದರಿಂದ ಕೆಟ್ಟಿತೆಂದು ತಿಳಿಯುವುದಿಲ್ಲ.

ಮುಂದಿನ ಆವೃತ್ತಿಗಳು

ಎಲ್ಲ ಸರಿಹೋದ ದಿನವೇ ಸಿಸ್ಟಮ್, ಬ್ಯಾಕಪ್ ಪುಟದಿಂದ ಸೆಟ್ಟಿಂಗುಗಳ ಪ್ರತಿಯನ್ನು ಇಳಿಸಿ ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಇಡಿ. ಒಂದೇ ಸರಣಿಯ ತಿದ್ದುಪಡಿ ಬಂದಾಗ ಸಿಸ್‌ಅಪ್‌ಗ್ರೇಡ್ ಫೈಲನ್ನು ಅದೇ ಪುಟದಲ್ಲಿ ಹಾಕಿ, ‘ಕೀಪ್ ಸೆಟ್ಟಿಂಗ್ಸ್’ ಗುರುತು ಇರಲಿ. ಸೆಟ್ಟಿಂಗುಗಳು ಉಳಿಯುತ್ತವೆ, ನೀವು ಸೇರಿಸಿದ ಎಸ್‌ಕ್ಯೂಎಂನಂಥ ಪ್ಯಾಕೇಜುಗಳು ಹೋಗುತ್ತವೆ, ಅವನ್ನು ಮತ್ತೆ ಹಾಕಬೇಕು. ‘ಅಟೆಂಡೆಡ್ ಸಿಸ್‌ಅಪ್‌ಗ್ರೇಡ್’ ಎಂಬ ಪ್ಯಾಕೇಜ್ ಇದ್ದರೆ ಅದು ನಿಮ್ಮ ಪ್ಯಾಕೇಜುಗಳನ್ನೂ ಸೇರಿಸಿದ ಫೈಲನ್ನು ಸರ್ವರಿನಲ್ಲಿ ಕಟ್ಟಿಸಿ ತರುತ್ತದೆ. ಸರಣಿಯೇ ಬದಲಾದಾಗ ಬಿಡುಗಡೆಯ ಟಿಪ್ಪಣಿಯನ್ನು ಓದಿ. ಕೆಲವು ಸಲ ಸೆಟ್ಟಿಂಗ್ ಉಳಿಸಿಕೊಳ್ಳದೆ ಹೊಸದಾಗಿ ಶುರುಮಾಡುವುದೇ ಕ್ಷೇಮ.

ರೂಟರ್ ಏಳದಿದ್ದರೆ

ರೂಟರ್ ಸತ್ತೇಹೋಯಿತು ಎನಿಸಿದರೂ ಸಾಮಾನ್ಯವಾಗಿ ಸತ್ತಿರುವುದಿಲ್ಲ. ಫ್ಲಾಶ್ ಮಾಡುವಾಗ ಬದಲಾಗುವುದು ಫರ್ಮ್‌ವೇರ್ ಇರುವ ಭಾಗ ಮಾತ್ರ, ಮೊದಲು ಎದ್ದೇಳುವ ಬೂಟ್‌ಲೋಡರ್ ಬೇರೆ ಭಾಗದಲ್ಲಿ ಹಾಗೇ ಇರುತ್ತದೆ. ಹಗುರವಾದ ಉಪಾಯದಿಂದ ಶುರುಮಾಡಿ.

ಪುಟ ತೆರೆಯುತ್ತಿಲ್ಲ, ಆದರೆ ದೀಪಗಳು ಸರಿಯಿವೆ ಎಂದಾದರೆ ರೀಸೆಟ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಬಿಡಿ. ಓಪನ್‌ವರ್ಟ್ ಹೊಸದಾಗಿ ಹಾಕಿದ ಸ್ಥಿತಿಗೆ ಮರಳುತ್ತದೆ, ವಿಳಾಸ ಮತ್ತೆ 192.168.1.1.

ಅದಕ್ಕೂ ಬಗ್ಗದಿದ್ದರೆ ಫೇಲ್‌ಸೇಫ್, ಅಂದರೆ ನಿಮ್ಮ ಸೆಟ್ಟಿಂಗುಗಳನ್ನು ಬಿಟ್ಟು ಏಳುವ ತುರ್ತು ಸ್ಥಿತಿ. ರೂಟರನ್ನು ಆಫ್ ಮಾಡಿ ಆನ್ ಮಾಡಿ. ದೀಪ ಬೇಗ ಬೇಗ ಮಿನುಗತೊಡಗಿದ ಕೂಡಲೇ ರೀಸೆಟ್ ಗುಂಡಿ ಒತ್ತಿ, ಮಿನುಗು ಇನ್ನೂ ಜೋರಾದರೆ ಫೇಲ್‌ಸೇಫ್ ಸಿಕ್ಕಿತು. ಇಲ್ಲಿ ರೂಟರ್ ವಿಳಾಸ ಹಂಚುವುದಿಲ್ಲ. ಲ್ಯಾಪ್‌ಟಾಪಿಗೆ ಕೈಯಿಂದ 192.168.1.2, ಮಾಸ್ಕ್ 255.255.255.0 ಕೊಟ್ಟು ಎಸ್‌ಎಸ್‌ಎಚ್ (ಇನ್ನೊಂದು ಯಂತ್ರಕ್ಕೆ ಆಜ್ಞೆ ಟೈಪಿಸುವ ವ್ಯವಸ್ಥೆ) ಮೂಲಕ ರೂಟ್ ಆಗಿ 192.168.1.1ಕ್ಕೆ ಹೋಗಿ. ‘ಫಸ್ಟ್‌ಬೂಟ್’ ಎಂಬ ಆಜ್ಞೆಯನ್ನು ಇಂಗ್ಲಿಷಿನಲ್ಲಿ ಒಂದೇ ಪದವಾಗಿ, ಸಣ್ಣಕ್ಷರದಲ್ಲಿ ಟೈಪ್ ಮಾಡಿ, ಒಪ್ಪಿಗೆ ಕೇಳಿದರೆ ಕೊಟ್ಟು, ರೂಟರನ್ನು ಮತ್ತೆ ಆನ್ ಮಾಡಿ.

ಓಪನ್‌ವರ್ಟೇ ಏಳುತ್ತಿಲ್ಲ ಎಂದಾದರೆ ಬೂಟ್‌ಲೋಡರಿನ ಸಹಾಯ ಬೇಕು. ಹಲವು ರೂಟರುಗಳಲ್ಲಿ ರೀಸೆಟ್ ಒತ್ತಿಹಿಡಿದು ಆನ್ ಮಾಡಿದರೆ ಅದು ಟಿಎಫ್‌ಟಿಪಿ (ಫೈಲ್ ಸಾಗಿಸುವ ಸರಳ ವಿಧಾನ) ಮೂಲಕ ಫೈಲ್ ಹುಡುಕುತ್ತದೆ, ಇಲ್ಲವೇ ತಾನೇ ಒಂದು ಚಿಕ್ಕ ಪುಟ ತೆರೆಯುತ್ತದೆ. ಉದಾಹರಣೆಗೆ ಟಿಪಿ-ಲಿಂಕ್ ಆರ್ಚರ್ ಸಿ7 ವಿ2, 192.168.0.66 ಎಂಬ ವಿಳಾಸದ ಕಂಪ್ಯೂಟರಿನಲ್ಲಿ ಒಂದು ನಿಗದಿತ ಹೆಸರಿನ ಫೈಲಿಗಾಗಿ ನೋಡುತ್ತದೆ. ವಿಳಾಸ, ಫೈಲಿನ ಹೆಸರು ಪ್ರತಿ ಮಾಡೆಲಿಗೂ ಬೇರೆ, ಒಂದಕ್ಷರ ತಪ್ಪಿದರೂ ಆಗದು. ಓಪನ್‌ವರ್ಟ್‌ನ ಮಾಡೆಲ್ ಪುಟದಲ್ಲಿ ಅದು ಬರೆದಿರುತ್ತದೆ. ಕೆಲಸ ಶುರುಮಾಡುವ ಮೊದಲೇ ಆ ಪುಟವನ್ನು ಉಳಿಸಿಟ್ಟುಕೊಂಡಿರಿ. ಫೈಲ್ ಹೋಗುತ್ತಿಲ್ಲವೆಂದಾದರೆ ಲ್ಯಾಪ್‌ಟಾಪಿನ ಫೈರ್‌ವಾಲ್ ತಡೆಯುತ್ತಿರುವ ಸಂಭವ ಹೆಚ್ಚು, ಅಷ್ಟು ಹೊತ್ತಿಗೆ ಅದನ್ನು ನಿಲ್ಲಿಸಿ.

ಕೊನೆಯದು ಸೀರಿಯಲ್. ರೂಟರ್ ಬಿಚ್ಚಿ, ಬೋರ್ಡಿನ ಮೇಲಿನ ಟಿಎಕ್ಸ್, ಆರ್‌ಎಕ್ಸ್, ಗ್ರೌಂಡ್ ಎಂಬ ಮೂರು ಬಿಂದುಗಳಿಗೆ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಜೋಡಿಸಬೇಕು. ಒಂದರ ಟಿಎಕ್ಸ್ ಇನ್ನೊಂದರ ಆರ್‌ಎಕ್ಸಿಗೆ. ಅಡಾಪ್ಟರ್ 3.3 ವೋಲ್ಟಿನದೇ ಆಗಿರಬೇಕು, 5 ವೋಲ್ಟಿನದು ಚಿಪ್ಪನ್ನು ಸುಡಬಹುದು. ನಾಲ್ಕನೆಯ ಬಿಂದು ವಿಸಿಸಿ, ಅದಕ್ಕೆ ಏನನ್ನೂ ಜೋಡಿಸಬೇಡಿ. ವೇಗ ಸಾಮಾನ್ಯವಾಗಿ 115200. ಬೆಸುಗೆ ಹಾಕಿ ಅಭ್ಯಾಸವಿಲ್ಲದಿದ್ದರೆ ಮೊಬೈಲ್ ರಿಪೇರಿ ಮಾಡುವವರಲ್ಲಿ ಆ ಮೂರು ತಂತಿಗಳನ್ನು ಬೆಸೆದುಕೊಡಲು ಕೇಳಿ, ಉಳಿದದ್ದನ್ನು ಮನೆಯಲ್ಲೇ ಕೂತು ಮಾಡಬಹುದು.

ಮೂಲ ಫರ್ಮ್‌ವೇರ್‌ಗೇ ಹಿಂತಿರುಗಬೇಕೆಂದಾದರೂ ಬಳಸುವುದು ಇದೇ ಬೂಟ್‌ಲೋಡರ್ ದಾರಿಯನ್ನು. ಮೊದಲೇ ಇಳಿಸಿಟ್ಟ ಕಂಪೆನಿಯ ಫೈಲನ್ನು ಹೇಳಿದ ಹೆಸರಿಗೆ ಬದಲಿಸಿ ಕೊಡಿ. ಆದರೆ ಅದರ ಹೆಸರಿನಲ್ಲಿ ‘ಬೂಟ್’ ಎಂಬ ಪದವಿದ್ದರೆ ನಿಲ್ಲಿ. ಅದರೊಳಗೆ ಬೂಟ್‌ಲೋಡರೂ ಸೇರಿರುತ್ತದೆ, ಆ ಭಾಗವನ್ನು ಕತ್ತರಿಸದೆ ಬರೆದರೆ ಮೇಲೆ ಹೇಳಿದ ಯಾವ ಉಪಾಯವೂ ಉಳಿಯುವುದಿಲ್ಲ. ಎಷ್ಟು ಕತ್ತರಿಸಬೇಕು ಎಂಬುದು ಅದೇ ಮಾಡೆಲ್ ಪುಟದಲ್ಲಿದೆ.